ಸಂಪತ್ತು, ಅಧಿಕಾರ ಮತ್ತು ಲಕ್ಕಮ್ಮನ ಪ್ರಶ್ನೆ

(ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಬಂಡವಾಳಶಾಹಿ, ಸಾಮ್ಯವಾದ ಎಂಬೆರಡು ಪದ್ಧತಿಗಳಲ್ಲಿ ಅಸಮತೆಯೂ ಲಂಚಕೋರತನವೂ ಯಾವುದರಲ್ಲಿ ಹೆಚ್ಚೆಂಬ ವಾದವು ಬಹುಕಾಲದಿಂದ ನಡೆದುಬಂದಿರುವದು. ಒಂದು ಪಕ್ಷದವರು ಪರಪಕ್ಷದ ದೋಷಗಳನ್ನೇ ಎಣಿಸುವರು. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸದೆ ಸಿದ್ಧಾಂತವನ್ನು ಹೇಳಲಾಗದೆಂಬುದು ಪಾಠಶಾಲೆಗಳ ಮರ್ಯಾದೆ. ಆದಕಾರಣ ಎರಡರಿಂದಲೂ ಒಂದೊಂದು ದೃಷ್ಟಾಂತವನ್ನು ತೆಗೆದುಕೊಂಡು ನೋಡೋಣ.

ಮೊದಲನೆಯದು ಅಮೇರಿಕಾ ದೇಶದ್ದು. 1869ರಲ್ಲಿ ಆ ಖಂಡದ ಪೂರ್ವಪಶ್ಚಿಮಗಳನ್ನು ಕೂಡಿಸುವ ರೈಲುಮಾರ್ಗವು ಪೂರ್ಣವಾಯಿತು. ಅದಕ್ಕಾಗಿ ಸರಕಾರವು ಅಪಾರ ಭೂಮಿಯನ್ನೂ ಸಾಲವನ್ನೂ ಕೊಟ್ಟಿತ್ತು. ಯೂನಿಯನ್ ಪೆಸಿಫಿಕ್ ರೈಲು ಕಂಪನಿಯನ್ನು ನಡೆಸುತ್ತಿದ್ದವರೇ ಕ್ರೆಡಿಟ್ ಮೊಬಿಲಿಯೆ ಎಂಬ ಇನ್ನೊಂದು ಕಂಪನಿಯ ಮುಖಾಂತರ ಗುತ್ತಿಗೆಯನ್ನು ತಮಗೆ ತಾವೇ ಕೊಟ್ಟುಕೊಂಡು, ತಗಲಿದ ವೆಚ್ಚಕ್ಕಿಂತ ಬಹಳ ಹೆಚ್ಚಿನ ಹಣವನ್ನು ಪಡೆದರು. ಯಾರೂ ಕೇಳದಿರಲೆಂದು ಅದರ ಷೇರುಗಳನ್ನು ಶಾಸನಸಭೆಯ ಸದಸ್ಯರಿಗೆ ಪೇಟೆಯ ದರಕ್ಕಿಂತ ಅಗ್ಗವಾಗಿ ಹಂಚಲಾಯಿತು. ಹಂಚಿದ ಓಕ್ಸ್ ಏಮ್ಸ್ ಎಂಬಾತನು ತಾನೂ ಆ ಸಭೆಯ ಸದಸ್ಯನೇ. 1872ರಲ್ಲಿ ನ್ಯೂಯಾರ್ಕಿನ ವೃತ್ತಪತ್ರಿಕೆಯೊಂದು ಇದನ್ನು ಬಯಲಿಗೆಳೆಯಿತು. ಆತನನ್ನು ಹೊರಹಾಕಬೇಕೆಂದು ವಿಚಾರಣಾ ಸಮಿತಿಯು ಹೇಳಿದರೂ, 1873ರಲ್ಲಿ ಸಭೆಯು ಛೀಮಾರಿಯಷ್ಟಕ್ಕೇ ಬಿಟ್ಟಿತು. ಹಳಿ ಹಾಸಿದ ಕೂಲಿಕಾರರಿಗೆ ಆ ಲಾಭದಲ್ಲಿ ಪಾಲು ಸಿಕ್ಕಲಿಲ್ಲ. ಇಲ್ಲಿ ಹಣವು ಅಧಿಕಾರವನ್ನು ಕೊಂಡಿತು.

ಎರಡನೆಯದು ಸೋವಿಯತ್ ದೇಶದ್ದು. 1917ರ ಕ್ರಾಂತಿಯ ತರುವಾಯ ಭೂಮಿ, ಗಣಿ, ಗಿರಣಿಗಳು ರಾಜ್ಯದ ಸ್ವತ್ತಾದವು. ಅಕ್ಷರಜ್ಞಾನವು ಹರಡಿತು, ಕೋಟ್ಯಧೀಶರು ಇಲ್ಲವಾದರು. ಇದನ್ನು ಅಲ್ಲಗಳೆಯುವದು ನ್ಯಾಯವಲ್ಲ. ಪಕ್ಷದ ಸದಸ್ಯರ ಸಂಬಳಕ್ಕೂ ಮೊದಲು ಒಂದು ಮಿತಿಯಿತ್ತು. 1930ರ ದಶಕದ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಸಾಮಾನ್ಯರು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತರೆ, ಮೇಲಧಿಕಾರಿಗಳಿಗೆ ಬೇರೆ ಅಂಗಡಿ, ಬೇರೆ ಆಸ್ಪತ್ರೆ, ಬೇರೆ ವಿಶ್ರಾಂತಿಗೃಹಗಳಾದವು. ಅಸಮತೆಯು ನಾಣ್ಯದ ರೂಪವನ್ನು ಬಿಟ್ಟು ಪದವಿಯ ರೂಪವನ್ನು ತಾಳಿತು.

ಅಲ್ಲಿಯ ಉಜ್ಬೆಕಿಸ್ತಾನ ಪ್ರಾಂತದಲ್ಲಿ ಬೆಳೆಯದ ಹತ್ತಿಯನ್ನು ಬೆಳೆದಂತೆ ವರ್ಷವರ್ಷವೂ ಲೆಕ್ಕ ಬರೆದರು. ಇಲ್ಲದ ಹತ್ತಿಗೆ ರಾಜ್ಯದ ಬೊಕ್ಕಸದಿಂದ ಹಣ ಬಂದಿತು. ಅದು ಕೆಳಗಿನಿಂದ ಮೇಲಿನವರೆಗೆ ಲಂಚವಾಗಿ ಹರಿಯಿತು. ಹೊಲದಲ್ಲಿ ಮಾತ್ರ ಶಾಲೆಯ ಮಕ್ಕಳೂ ಹತ್ತಿ ಬಿಡಿಸುತ್ತಲಿದ್ದರು. 1980ರ ದಶಕದಲ್ಲಿ ವಿಚಾರಣೆ ನಡೆದು, ದೇಶದ ಮಾಜಿ ಮುಖ್ಯಸ್ಥ ಬ್ರೆಜ್ನೆವರ ಅಳಿಯ ಚುರ್ಬನೋವ್ ಎಂಬಾತನಿಗೆ 1988ರಲ್ಲಿ 12 ವರುಷಗಳ ಸೆರೆವಾಸವಾಯಿತು. ಆ ವಿಚಾರಣೆ ಆರಂಭವಾಗುವ ಮೊದಲು ಈ ಸುಳ್ಳನ್ನು ಸುಳ್ಳೆಂದು ಅಚ್ಚುಹಾಕುವ ಸ್ವಾತಂತ್ರ್ಯವು ಅಲ್ಲಿಯ ಪತ್ರಿಕೆಗಳಿಗಿರಲಿಲ್ಲ. ಇಲ್ಲಿ ಅಧಿಕಾರವೇ ಹಣವನ್ನು ಹೆತ್ತಿತು.

1991ರಲ್ಲಿ ಆ ರಾಜ್ಯವು ಅಳಿಯಿತು. ಪದ್ಧತಿ ಬದಲಾದರೆ ರೋಗವೂ ಹೋಗುವದೆಂದು ಹಲವರು ನಂಬಿದ್ದರು. ಆದರೆ 1995ರಲ್ಲಿ ರಷ್ಯಾ ಸರಕಾರವು ಎಣ್ಣೆ, ನಿಕ್ಕಲ್ ಮೊದಲಾದ ಕಂಪನಿಗಳ ಷೇರುಗಳನ್ನು ಒತ್ತೆಯಿಟ್ಟು ಬ್ಯಾಂಕುಗಳಿಂದ ಸಾಲವೆತ್ತಿತು. ಸಾಲ ತೀರಲಿಲ್ಲ, ಜನರೆಲ್ಲರ ಸ್ವತ್ತೆನಿಸಿದ್ದುದು ಕೆಲವೇ ಧನಿಕರ ಪಾಲಾಯಿತು. ರೋಗವು ಬಟ್ಟೆಯನ್ನು ಬದಲಿಸಿತೇ ಹೊರತು ಮನೆಯನ್ನು ಬಿಡಲಿಲ್ಲ.

ಹಾಗಾದರೆ ಎರಡೂ ಒಂದೇ ಎನ್ನಬಹುದೇ? ಅಲ್ಲ. ಒಂದು ಕಡೆ ಅಸಮತೆಯು ಬಯಲಿನಲ್ಲಿ ಮೆರೆಯಿತು, ಆದರೆ ಕೇಳುವವನ ಬಾಯಿ ಮುಚ್ಚಿರಲಿಲ್ಲ. ಕೇಳಿದರೂ ಶಿಕ್ಷೆಯು ಸಾಲದಾಯಿತು. ಇನ್ನೊಂದು ಕಡೆ ಸಮತೆಯು ಶಾಸನದಲ್ಲಿತ್ತು, ಕೇಳುವವನಿಗೆ ಎಡೆಯಿರಲಿಲ್ಲ. ಸ್ವತ್ತು ಒಬ್ಬನದಿರಲಿ ಎಲ್ಲರದಿರಲಿ, ಅದನ್ನು ಕಾಯುವವನನ್ನು ಲೆಕ್ಕ ಕೇಳುವವರು ಇಲ್ಲದೆ ಹೋದರೆ ಕಾವಲುಗಾರನೇ ಒಡೆಯನಾಗುವನು. ಇದೇ ನನ್ನ ಸಿದ್ಧಾಂತ.

ಇದು ನಮಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅಕ್ಕಿ ಹೆಚ್ಚಾಗಿ ಬಂದಿತು. ಮಡದಿ ಲಕ್ಕಮ್ಮನು ಹಿಗ್ಗಲಿಲ್ಲ. ಈ ಹೆಚ್ಚಿನದು ಎಲ್ಲಿಯದೆಂದು ಕೇಳಿ, ಮರಳಿ ಸುರಿದು ಬರುವಂತೆ ಮಾಡಿದಳು. ಅವನು ಕಳ್ಳನಲ್ಲ, ಶರಣನೇ, ಆದರೂ ಕೇಳಿದಳು. ಶರಣನಾದುದರಿಂದಲೇ ಅವನು ಸಿಟ್ಟಾಗದೆ ಮರಳಿಸಿದನು. ಕಾಯಕಕ್ಕೆ ದಾಸೋಹವು ಹೇಗೋ, ದಾಸೋಹಕ್ಕೆ ಲಕ್ಕಮ್ಮನ ಪ್ರಶ್ನೆಯು ಹಾಗೆ.

ಮಹನೀಯರೆ, ದೂರದೇಶಗಳ ಮಾತನ್ನಾಡಿ ಕುಳಿತುಕೊಂಡರೆ ಉಪನ್ಯಾಸವಾಯಿತು, ಧರ್ಮವಾಗಲಿಲ್ಲ. ಮಠದ ಭಂಡಾರವಾದರೂ ಯಾರದು? ಒಕ್ಕಲಿಗನು ಕಣದಿಂದ ತಂದ ಜೋಳ, ವಿಧವೆಯು ಸೆರಗಿನಿಂದ ಬಿಚ್ಚಿಟ್ಟ ಕಾಣಿಕೆ ಇವು ಅದರಲ್ಲಿರುವವು. ನಾನೂ ಆ ಅನ್ನವನ್ನುಂಡೇ ನಾಲ್ಕಕ್ಷರ ಕಲಿತವನು. ಆದುದರಿಂದ ಸನ್ನಿಧಿಯಲ್ಲಿ ನನ್ನದೊಂದು ವಿಜ್ಞಾಪನೆ: ಈ ಮಹೋತ್ಸವದ ನೆನಪಿಗಾಗಿ, ಪ್ರತಿವರ್ಷವೂ ಜಾತ್ರೆಯ ದಿನ ಮಠದ ಆಯವ್ಯಯವನ್ನು ಭಕ್ತರ ಮುಂದೆ ಓದಿ ಹೇಳುವ ಕಟ್ಟಳೆಯಾಗಲಿ. ಯಾರ ಮೇಲಿನ ಸಂಶಯದಿಂದಲೂ ಇದನ್ನು ಹೇಳುತ್ತಿಲ್ಲ. ಲಕ್ಕಮ್ಮನೂ ಸಂಶಯದಿಂದ ಕೇಳಿದವಳಲ್ಲ. ಮನೆಯು ಶುದ್ಧವಾಗಿರಲೆಂದು ಕೇಳಿದಳು.