ನಮ್ಮೂರ ಗಾಡಿ, ಶಕ್ತಿನಗರದ ಹೊಗೆ



ಸುವರ್ಣ ಮಹೋತ್ಸವದಲ್ಲಿ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಈಗ ಚಿಕ್ಕೋಡಿ, ನಿಪ್ಪಾಣಿ ಕಡೆ ಎಲ್ಲಿ ನೋಡಿದರೂ ಕಾಣುವ ಕರೆಂಟ್ ಗಾಡಿಗಳ ಬಗ್ಗೆ ಹೇಳುತ್ತೇನೆ.

ಊರಲ್ಲಿ ಎರಡು ಮಾತು ನಡೆದಿವೆ. 'ಇದಕ್ಕ ಹೊಗಿನೇ ಇಲ್ಲ' ಎಂಬುದು ಒಂದು. 'ಕರೆಂಟ್ ಕಲ್ಲಿದ್ದಲ ಸುಟ್ಟೇ ಬರ್ತೈತಿ, ಏನ್ ಲಾಭ?' ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ.

ಶಕ್ತಿ ಹುಟ್ಟುವುದಿಲ್ಲ, ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಇದೇ ಶಾಲೆಯಲ್ಲಿ ಕಲಿತೆವು. ಮಾಂಜರಿ, ಕುಡಚಿ ದಾಟಿ ಹೋಗುವ ನಮ್ಮ ಕೃಷ್ಣೆ ಮುಂದೆ ರಾಯಚೂರು ಜಿಲ್ಲೆಯ ಶಕ್ತಿನಗರಕ್ಕೆ ತಲುಪುತ್ತಾಳೆ. ಅಲ್ಲಿನ ಶಾಖೋತ್ಪನ್ನ ಸ್ಥಾವರ ಅದೇ ಕೃಷ್ಣೆಯ ನೀರು ಬಳಸಿ, ಕಲ್ಲಿದ್ದಲು ಸುಟ್ಟು ಕರೆಂಟ್ ತಯಾರಿಸುತ್ತದೆ. 1985ರಲ್ಲಿ ಶುರುವಾದ ಅದರ ಸಾಮರ್ಥ್ಯ ಈಗ 1,720 ಮೆಗಾವಾಟ್. ನಮ್ಮ ಗಾಡಿಯ ಹೊಗೆ ಮಾಯವಾಗಿಲ್ಲ. ಒಂದಷ್ಟು ಅಲ್ಲಿಗೆ ಹೋಗಿದೆ. ಅಲ್ಲಿಯ ಹೊಗೆ, ಹಾರುಬೂದಿಯ ನಡುವೆ ಬದುಕುವವರೂ ನಮ್ಮವರೇ.

ಇನ್ನು ಲೆಕ್ಕ ನೋಡೋಣ. 1 ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿ 100 ಕಿ.ಮೀ. ಓಡಿದರೆ 4.6 ಕಿಲೋ ಆಯಿತು. ಅಷ್ಟೇ ದೂರಕ್ಕೆ ಕರೆಂಟ್ ಗಾಡಿಗೆ, ತಂತಿಯಲ್ಲಿ ಸೋರಿದ್ದನ್ನೂ ಸೇರಿಸಿ, ಸುಮಾರು 4 ಯುನಿಟ್ ಬೇಕು. ದೇಶದ ಸರಾಸರಿ ಯುನಿಟ್‌ಗೆ ಸುಮಾರು 0.7 ಕಿಲೋ, ಅಂದರೆ 2.8 ಕಿಲೋ. ಆದರೆ ಆ ಕರೆಂಟ್ ಪೂರ್ತಿ ಕಲ್ಲಿದ್ದಲಿನದೇ ಆಗಿದ್ದರೆ 4 ಕಿಲೋ ಹತ್ತಿರ ಬರುತ್ತದೆ. ಉಳಿತಾಯ ಬಹಳ ಕಡಿಮೆ. ಬ್ಯಾಟರಿ ತಯಾರಿಸುವಾಗಲೂ ಇಂಗಾಲ ಹೊರಬಿದ್ದಿರುತ್ತದೆ. ಸರಾಸರಿ ಕರೆಂಟಿನಲ್ಲಿ ಆ ಸಾಲ ತೀರಲು ಗಾಡಿ ಹತ್ತು ಸಾವಿರ ಕಿ.ಮೀ. ಮೇಲೆ ಓಡಬೇಕು ಎಂಬುದು ನನ್ನ ಲೆಕ್ಕ.

ಆದ್ದರಿಂದ ಯಾವ ಗಾಡಿ ಎನ್ನುವಷ್ಟೇ ಮುಖ್ಯ, ಯಾವ ಹೊತ್ತಿನಲ್ಲಿ ಚಾರ್ಜ್ ಮಾಡುತ್ತೇವೆ ಎಂಬುದು. ಬಾವಿ ಮೋಟರಿಗೆ ತ್ರೀ ಫೇಸ್ ಯಾವಾಗ ಬರುತ್ತದೆಂದು ಕಾಯುವ ನಮಗೆ ಕರೆಂಟಿನ ಹೊತ್ತಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹಗಲಿನಲ್ಲಿ ಪಾವಗಡದ 2,000 ಮೆಗಾವಾಟ್ ಸೋಲಾರ್ ಪಾರ್ಕಿನಂಥವು ರಾಜ್ಯಕ್ಕೆ ಬಿಸಿಲಿನ ಕರೆಂಟ್ ಕೊಡುತ್ತವೆ. ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲಿನ ಪಾಲು ಹೆಚ್ಚುತ್ತದೆ. ನಾವೋ ರಾತ್ರಿ ಉಂಡು ಮಲಗುವಾಗ ಚಾರ್ಜಿಗೆ ಹಚ್ಚುತ್ತೇವೆ! ನಮ್ಮ ಭಾಗದ ಸಕ್ಕರೆ ಕಾರಖಾನೆಗಳು ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುತ್ತವೆ. ಅದರಲ್ಲೂ ಹೊಗೆ ಇದೆ. ಆದರೆ ಆ ಇಂಗಾಲ ಬೆಳೆಯುವಾಗ ಕಬ್ಬು ಗಾಳಿಯಿಂದಲೇ ಪಡೆದದ್ದು, ನೆಲದಾಳದಿಂದ ಅಗೆದು ತಂದದ್ದಲ್ಲ.

ಊರಿಗೆ ನನ್ನ ವಿನಂತಿ ಇಷ್ಟು. ಚೆನ್ನಾಗಿ ಓಡುತ್ತಿರುವ ಗಾಡಿ ಇದ್ದರೆ ಬರೀ ಹೊಸತನಕ್ಕೆ ಬದಲಿಸಬೇಡಿ. ಬಸ್ಸಿದ್ದಲ್ಲಿ ಬಸ್ಸಿಗೇ ಹೋಗಿ. ನಲವತ್ತು ಜನ ಕೂತ ಬಸ್ಸು ಇಬ್ಬರು ಕೂತ ಗಾಡಿಗಿಂತ ಕಡಿಮೆಯೇನಲ್ಲ. ಕರೆಂಟ್ ಗಾಡಿ ಕೊಂಡರೆ ಸಾಧ್ಯವಾದಷ್ಟು ಹಗಲಲ್ಲೇ ಚಾರ್ಜ್ ಮಾಡಿ. ಹಳೆಯ ಬ್ಯಾಟರಿ ಗುಜರಿಗೆ ಹಾಕಬೇಡಿ. 2022ರ ನಿಯಮದಂತೆ ಅದನ್ನು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು.

ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಜುಬಿಲಿಯ ನೆನಪಿಗೆ ಕಮಾನು ಕಟ್ಟಿಸುವ ವಿಚಾರ ನಡೆದಿದೆ. ಅದರ ಜೊತೆ ಶಾಲೆಯ ಮಾಳಿಗೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸೋಣ. ಒಳ್ಳೆಯ ಬಿಸಿಲಿಗೆ ದಿನಕ್ಕೆ 12 ಯುನಿಟ್ ಸಿಗುತ್ತದೆ. ದಿನಕ್ಕೆ 25-30 ಕಿ.ಮೀ. ಓಡಾಡುವ ಹತ್ತು ಗಾಡಿಗೆ ಅಷ್ಟು ಸಾಕು. ಗುರುಗಳು ಪಾಠ ಮಾಡುವ ಹೊತ್ತಿನಲ್ಲೇ ಅವರ ಗಾಡಿ ಚಾರ್ಜ್ ಆಗಲಿ. ಮಕ್ಕಳು ಮೀಟರ್ ನೋಡಿ ದಿನದಿನದ ಲೆಕ್ಕ ಬರೆಯಲಿ. ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದೆ? ನನ್ನ ಪಾಲಿನ ದೇಣಿಗೆ ಕೊಡಲು ಸಿದ್ಧನಿದ್ದೇನೆ. ಎಸ್‌ಡಿಎಂಸಿಯವರೂ ಹಿರಿಯರೂ ಮನಸ್ಸು ಮಾಡಬೇಕು.