ಎರಡನೇ ಪ್ರಾಶಸ್ತ್ಯದ ಮತ

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಗೊತ್ತು, ಅಲ್ಲಿ ಗುಂಡಿ ಒತ್ತುವುದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದಂತೆ ಹಂಚುತ್ತಾರೆ. ಎರಡೇ ಪಕ್ಷಗಳ ನಡುವೆ ಸೀಳಿಹೋಗಿರುವ ಅಮೆರಿಕದ ಸುಧಾರಕರು ನಂಬಿರುವುದೂ ಈ ಪದ್ಧತಿಯನ್ನೇ. ಎದುರಾಳಿಯ ಬೆಂಬಲಿಗರ ಎರಡನೇ ಮತವೂ ಬೇಕೆಂದರೆ ನಾಲಿಗೆ ಬಿಗಿಹಿಡಿಯಲೇಬೇಕಲ್ಲ!

ಆಸ್ಟ್ರೇಲಿಯಾ 1918ರಲ್ಲೇ ಇದನ್ನು ಸಂಸತ್ ಚುನಾವಣೆಗೆ ತಂದಿತು. ಆದರ್ಶಕ್ಕಾಗಿಯೇನೂ ಅಲ್ಲ, ಸ್ವಾನ್ ಕ್ಷೇತ್ರದ ಉಪಚುನಾವಣೆಯಲ್ಲಿ ಲೇಬರ್ ಪಕ್ಷದ ವಿರೋಧಿ ಮತಗಳು ಒಡೆದು ಲೇಬರ್ ಗೆದ್ದಾಗ ಆಳುವವರಿಗೆ ದಿಗಿಲು ಹತ್ತಿತ್ತು. ಅಮೆರಿಕದ ಆನ್ ಆರ್ಬರ್ ನಗರದಲ್ಲಿ 1975ರಲ್ಲಿ ಮೊದಲ ಎಣಿಕೆಯಲ್ಲಿ ಹಿಂದಿದ್ದ ಆಲ್ಬರ್ಟ್ ವೀಲರ್ ಎರಡನೇ ಪ್ರಾಶಸ್ತ್ಯದ ಮತಗಳಿಂದ ಗೆದ್ದು, ಊರಿನ ಮೊದಲ ಕಪ್ಪು ಮೇಯರ್ ಆದರು. ಮರುವರ್ಷವೇ ಪದ್ಧತಿ ರದ್ದು.

ಮೇನ್ ರಾಜ್ಯದಲ್ಲಿ 2010ರಲ್ಲಿ ಪಾಲ್ ಲೆಪೇಜ್ ಶೇ. 38ರಷ್ಟು ಮತದಲ್ಲೇ ಗವರ್ನರ್ ಆದರು. ಆ ಕಿರಿಕಿರಿ ಬೆಳೆದು, 2016ರ ಜನಮತಗಣನೆಯಲ್ಲಿ ಮತದಾರರು ಪ್ರಾಶಸ್ತ್ಯ ಪದ್ಧತಿಯನ್ನು ಒಪ್ಪಿದರು. ಆದರೆ ರಾಜ್ಯ ಸಂವಿಧಾನ ಅಡ್ಡಬಂದು, ಗವರ್ನರ್ ಹುದ್ದೆಯ ಅಂತಿಮ ಚುನಾವಣೆಗೇ ಅದು ಅನ್ವಯವಾಗಲಿಲ್ಲ!

ಅಲಾಸ್ಕಾದ ಕಥೆ ಹೆಚ್ಚು ಸ್ವಾರಸ್ಯದ್ದು. ಅಲ್ಲಿನ ರಿಪಬ್ಲಿಕನ್ ಸೆನೆಟರ್ ಲೀಸಾ ಮುರ್ಕೌಸ್ಕಿ 2010ರಲ್ಲಿ ತಮ್ಮ ಪಕ್ಷದ ಪ್ರೈಮರಿಯಲ್ಲೇ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲೇ, ಸೋತಿದ್ದರು. ಪ್ರೈಮರಿಗೆ ಬರುವವರು ಕೆಲವೇ ಜನ, ಅದರಲ್ಲೂ ಕಟ್ಟಾ ಬೆಂಬಲಿಗರೇ ಹೆಚ್ಚು. ಮತಪತ್ರದಲ್ಲಿ ಅಚ್ಚಾಗದ ತಮ್ಮ ಹೆಸರನ್ನು ಮತದಾರರಿಂದ ಬರೆಯಿಸಿಕೊಂಡೇ ಆಕೆ ಅಂತಿಮ ಚುನಾವಣೆ ಗೆದ್ದರು. 2020ರಲ್ಲಿ ಮತದಾರರು ಪಕ್ಷದ ಪ್ರೈಮರಿಯನ್ನೇ ತೆಗೆದುಹಾಕಿದರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರೈಮರಿ, ಮೊದಲ ನಾಲ್ವರು ಅಂತಿಮ ಕಣಕ್ಕೆ, ಅಲ್ಲಿ ಪ್ರಾಶಸ್ತ್ಯದ ಮತ. 2021ರ ವಾಗ್ದಂಡನೆ ವಿಚಾರಣೆಯಲ್ಲಿ ಟ್ರಂಪ್ ತಪ್ಪಿತಸ್ಥರೆಂದು ಮತ ಹಾಕಿ ಪಕ್ಷದ ಖಂಡನೆಗೆ ಗುರಿಯಾದ ಮುರ್ಕೌಸ್ಕಿ, 2022ರಲ್ಲಿ ಮತ್ತೆ ಗೆದ್ದರು. ಮೊದಲ ಪ್ರಾಶಸ್ತ್ಯದಲ್ಲೇ ಅವರು ಕೂದಲೆಳೆಯಷ್ಟು ಮುಂದಿದ್ದರು. ಹಾಗಾಗಿ ನನ್ನ ಲೆಕ್ಕದಲ್ಲಿ, ಅಂಕಿ ಬರೆಯುವುದಕ್ಕಿಂತ ತೆರೆದ ಪ್ರೈಮರಿಯೇ ಅವರನ್ನು ಉಳಿಸಿತು. ಸುಧಾರಕರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಅದೇ ವರ್ಷ ಕೆಳಮನೆಯ ಉಪಚುನಾವಣೆಯಲ್ಲಿ ಡೆಮಾಕ್ರಾಟ್ ಮೇರಿ ಪೆಲ್ಟೋಲಾ ಎದುರು ಸೋತ ರಿಪಬ್ಲಿಕನ್ ಸಾರಾ ಪೇಲಿನ್ ಈ ಪದ್ಧತಿಯನ್ನೇ ದೂರಿದರು. 2024ರಲ್ಲಿ ಅದನ್ನು ರದ್ದುಮಾಡುವ ಪ್ರಸ್ತಾವ ಸಾವಿರಕ್ಕೂ ಕಡಿಮೆ ಮತಗಳಿಂದ ಬಿದ್ದುಹೋಯಿತು. ಆ ಸಲ ಪೆಲ್ಟೋಲಾ ಅವರನ್ನು ಸೋಲಿಸಿದ್ದು ನಿಕ್ ಬೆಗಿಚ್, 2022ರಲ್ಲಿ ಮೂರನೆಯವರಾಗಿ ಕಣದಿಂದ ಹೊರಬಿದ್ದಿದ್ದ ರಿಪಬ್ಲಿಕನ್. ಗೆದ್ದದ್ದೂ ಅದೇ ಪದ್ಧತಿಯಲ್ಲಿ.