ಖಾಕಿ ತೊಟ್ಟ ಬಾತು

ಖಾಕಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವವನು ಪೋಲೀಸಿನವನು. ಅದೇ ಬಣ್ಣವನ್ನು ತೊಟ್ಟು, ಅದೇ ಹೆಸರನ್ನು ಹೊತ್ತು, ಯಾರನ್ನೂ ಹೆದರಿಸದೆ ಗದ್ದೆಯ ನೀರಿಗಿಳಿಯುವ ಸಾಧುಪ್ರಾಣಿಯೊಂದುಂಟು. ಅದೇ ಖಾಕಿ ಕ್ಯಾಂಪ್‌ಬೆಲ್ ಎಂಬ ಬಾತುಕೋಳಿ. ಅದರ ಚರಿತ್ರೆ ಮತ್ತು ಬಣ್ಣಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಪ್ರಾಂತದ ಯೂಲಿ ಗ್ರಾಮದಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆಯಿದ್ದರು. ಅವರು ಸಾಕಿದ್ದ ಇಂಡಿಯನ್ ರನ್ನರ್ ಜಾತಿಯ ಹೆಣ್ಣುಬಾತೊಂದು 196 ದಿನಗಳಲ್ಲಿ 182 ಮೊಟ್ಟೆಗಳನ್ನಿಟ್ಟಿತು. ಆಕೆ ಅದನ್ನು ಲೆಕ್ಕವಿಟ್ಟು ಬರೆದುಕೊಂಡರು. ಆ ಹೆಣ್ಣಿಗೆ ಮೈದುಂಬಿದ ರೂವಾನ್ ಜಾತಿಯ ಗಂಡನ್ನು ಕೂಡಿಸಿ, ಕಾಡುಬಾತಿನ ರಕ್ತವನ್ನೂ ಬೆರಸಿ, 1898ರಲ್ಲಿ ಹೊಸ ತಳಿಯನ್ನು ಲೋಕದ ಮುಂದಿಟ್ಟರು. ಅದಕ್ಕೆ ಇನ್ನಷ್ಟು ತಿಳಿಯಾದ ಬಣ್ಣ ಬರಲೆಂದು ಮತ್ತೆ ರನ್ನರ್ ಬಾತುಗಳೊಡನೆ ಕೂಡಿಸಿದಾಗ ಒದಗಿದ್ದು ಮಣ್ಣಿನ ಬಣ್ಣ. ಅದು ಬೋಯರ್ ಯುದ್ಧದ ಕಾಲ. ಸೈನಿಕರ ಉಡುಪನ್ನು ಹೋಲುವ ಆ ಬಾತಿಗೆ 1901ರಲ್ಲಿ ಖಾಕಿ ಎಂದೇ ಹೆಸರಾಯಿತು.

ಈ ಹೆಸರುಗಳಲ್ಲೊಂದು ವಿನೋದವಿದೆ. ಇಂಡಿಯನ್ ರನ್ನರ್ ಹೆಸರಿನಲ್ಲಿ ಮಾತ್ರ ಇಂಡಿಯದ್ದು. ಅದರ ತವರು ಜಾವಾ, ಬಾಲಿ, ಲೊಂಬೊಕ್ ದ್ವೀಪಗಳು. ಇಂಗ್ಲಿಷರದೆಂದು ತೋರುವ ಖಾಕಿಯಾದರೋ ನಮ್ಮ ನಾಡಿನಿಂದ ಹೋದದ್ದು. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. ಭಾರತದ ವಾಯವ್ಯ ಗಡಿಯ ದಂಡಿನಲ್ಲಿ 1840ರ ದಶಕದಲ್ಲೇ ಈ ಬಣ್ಣದ ಉಡುಪು ಬಳಕೆಗೆ ಬಂದಿತ್ತು. 1851ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಗೆ ಬಂದ ಹಾಲರ್ ಎಂಬಾತ ಖಾಕಿ ಬಟ್ಟೆಯ ಬಣ್ಣವನ್ನು ಸಿದ್ಧಪಡಿಸಿದನೆಂಬುದು ನಮ್ಮ ಕರಾವಳಿಯಲ್ಲಿ ಪ್ರಸಿದ್ಧವಾದ ಮಾತು.

ಕ್ಯಾಂಪ್‌ಬೆಲ್ ತಳಿಯಲ್ಲಿ ಖಾಕಿಯಲ್ಲದೆ ಬಿಳಿ ಮತ್ತು ಕಡುಗಂದು ಎಂಬ ಎರಡು ಬಣ್ಣಗಳುಂಟು. ಕಡುಗಂದು ಕೇವಲ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಖಾಕಿ ಗಂಡಿಗೆ ಕಡುಗಂದು ಹೆಣ್ಣನ್ನು ಕೂಡಿಸಿದರೆ ಗಂಡುಮರಿಗೆ ತಾಯಿಯ ಬಣ್ಣ, ಹೆಣ್ಣುಮರಿಗೆ ತಂದೆಯ ಬಣ್ಣ. ಮೊಟ್ಟೆಯೊಡೆದ ದಿನವೇ ಹೆಣ್ಣಾವುದು ಗಂಡಾವುದೆಂದು ತಿಳಿಯಬಹುದು. 1949ರಲ್ಲಿ ಲೆಸ್ಲಿ ಬಾನೆಟ್ ಎಂಬವರ ಖಾಕಿ ಹಿಂಡಿನಲ್ಲಿ ಹುಟ್ಟಿದ ಎರಡು ತಿಳಿಬಣ್ಣದ ಮರಿಗಳಿಂದ ವೆಲ್ಷ್ ಹಾರ್ಲಿಕ್ವಿನ್ ಎಂಬ ಬೇರೊಂದು ತಳಿಯೇ ಬೆಳೆಯಿತು. ಕಂಡದ್ದನ್ನು ಗುರುತಿಸಿ ಹೆಸರಿಡುವವರು ಇದ್ದುದರಿಂದ ಅವು ಉಳಿದವು.

ಈಗ ನಮ್ಮೂರಿಗೆ ಬರೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬೈಲುಗದ್ದೆ, ತೋಡು, ಹೊಳೆಯಂಚುಗಳು ಬಾತಿಗೆ ಹೇಳಿ ಮಾಡಿಸಿದ ಜಾಗ. ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡಬಲ್ಲ ಖಾಕಿ ಬಾತನ್ನು 1980ರ ದಶಕದಿಂದ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರದಲ್ಲಿ ಬೆಳೆಸಿ ಹಂಚಿದ್ದಾರೆ. ಅದು ಮೊಟ್ಟೆಯಿಡುವುದರಲ್ಲಿ ಧಾರಾಳಿ, ಕಾವು ಕೂರುವುದರಲ್ಲಿ ಜಿಪುಣ. ಇಪ್ಪತ್ತೆಂಟು ದಿನ ಕೂತು ಮರಿಮಾಡುವ ಕೆಲಸವನ್ನು ಊರಕೋಳಿಗೆ ವಹಿಸಬೇಕು. ಇಂಥ ತಳಿ ಬರಲಿ, ಬೇಡವೆನ್ನಲಾರೆ. ಆದರೆ ಖಾಕಿ ಗಂಡು ಊರಬಾತುಗಳ ಹಿಂಡಿನೊಳಗೆ ಹೊಕ್ಕರೆ ಕೆಲವೇ ತಲೆಮಾರುಗಳಲ್ಲಿ ಹಳೆಯ ಬಣ್ಣಗಳೂ ಗುಣಗಳೂ ಕಲಸಿಹೋಗುತ್ತವೆ.

ಕೋಳಿ ಅಂಕದ ಹುಂಜಕ್ಕೆ ನಮ್ಮ ಕರಾವಳಿಯವರು ಬೊಳ್ಳೆ, ಕಕ್ಕೆ, ಕೆಮ್ಮೈರೆ ಎಂದು ಬಣ್ಣಕ್ಕೊಂದು ಹೆಸರಿಟ್ಟರು; ಕುಕ್ಕುಟ ಪಂಚಾಂಗವನ್ನೇ ರಚಿಸಿದರು. ಕಾದುವ ಹಕ್ಕಿಗೆ ಸಂದ ಈ ಗೌರವ ಮೊಟ್ಟೆಯಿಟ್ಟು ಮನೆ ಸಾಕುವ ಬಾತಿಗೆ ಸಲ್ಲಲಿಲ್ಲ. ಕೇರಳದ ಕುಟ್ಟನಾಡಿನವರು ತಮ್ಮ ಬಾತುಗಳನ್ನು ಚಾರ, ಚೆಂಬಲ್ಲಿ ಎಂದು ಎರಡಾಗಿ ಗುರುತಿಸುತ್ತಾರೆ. ಚಾರವೆಂದರೆ ಬೂದಿ, ಚೆಂಬಲ್ಲಿಯ ‘ಚೆಂ’ ನಮ್ಮ ‘ಕೆಂಪು’ವಿನ ‘ಕೆಂ’. ಅಸ್ಸಾಮಿನ ಪಾಟಿ, ಬಿಹಾರದ ಮೈಥಿಲಿ ಬಾತುಗಳಂತೂ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪಟ್ಟಿಗೇ ಸೇರಿವೆ.

ಆದುದರಿಂದ ಬಾತು ಸಾಕುವ ನಮ್ಮ ಅಕ್ಕತಂಗಿಯರಲ್ಲಿ ನನ್ನದೊಂದು ವಿನಂತಿ. ಯಾವ ಬಣ್ಣದ್ದು ಎಷ್ಟು ಮೊಟ್ಟೆಯಿಟ್ಟಿತು, ಯಾವುದು ಕಾವು ಕೂತಿತು ಎಂಬುದನ್ನು ಮಗುವಿನ ಹಳೆಯ ನೋಟುಪುಸ್ತಕದಲ್ಲಾದರೂ ಬರೆದಿಡಿ. ಊರಬಾತಿನ ಒಂದು ಜೋಡಿಯನ್ನಾದರೂ ಬೆರಕೆಯಾಗದಂತೆ ಬೇರೆ ಗೂಡಿನಲ್ಲಿಡಿ. ಯೂಲಿಯ ಆ ಮಹಿಳೆ ಆರಂಭಿಸಿದ್ದೂ ಇಷ್ಟರಿಂದಲೇ.